ಇಪ್ಪತ್ತನಾಲ್ಕು ತಾಸು ಮುಟ್ಟಬಾರದ ಪೈಪು

ಕೆಲವು ಕೆಲಸಗಳು ಮಾಡುವುದರಿಂದ ಆಗುವುದಿಲ್ಲ, ಮಾಡದೆ ಬಿಡುವುದರಿಂದ ಆಗುತ್ತವೆ. ಹೆಪ್ಪು ಹಾಕಿದ ಹಾಲು, ಭರಣಿಯೊಳಗಿನ ಲಿಂಬೆ ಉಪ್ಪಿನಕಾಯಿ, ಈಗಷ್ಟೇ ಸಾರಿಸಿದ ನೆಲ, ಸಿಟ್ಟಿಗೆದ್ದು ಗೋಡೆಗೆ ಮುಖ ಮಾಡಿ ಮಲಗಿದ ಗಂಡ, ಇವೆಲ್ಲ ಆ ಪಂಗಡದವು. ಇವುಗಳ ಹತ್ತಿರ ಕೈಕಟ್ಟಿ ಕೂರುವುದೇ ಕೆಲಸ. ನನ್ನ ಅತ್ತೆಯವರು ಉಪ್ಪಿನಕಾಯಿ ಭರಣಿಯ ಬಾಯಿಗೆ ಅರಿವೆ ಕಟ್ಟಿದರೆಂದರೆ ಮುಗಿಯಿತು, ನಲವತ್ತು ದಿನ ಅದರ ಕಡೆಗೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ನಮ್ಮನ್ನೂ ನೋಡಗೊಡುತ್ತಿರಲಿಲ್ಲ. ಅಂಥ ಸಂಯಮದ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಪೈಪಿನ ಜೋಡಣೆಯನ್ನು ಒಂದೇ ಒಂದು ದಿನ ಮುಟ್ಟದೆ ಬಿಡುವುದು ಯಾರಿಂದಲೂ ಆಗಲಿಲ್ಲ ಎಂದರೆ ನಂಬುತ್ತೀರಾ? ನಾನು ಈ ಕಥೆಯನ್ನು ನೂರು ಸಲ ಹೇಳಿದ್ದೇನೆ. ಪ್ರತಿ ಸಲವೂ ಮನೆಯವರನ್ನೆಲ್ಲ ಚೆನ್ನಾಗಿ ಬೈದು, ಕೇಳಿದವರನ್ನು ನಗಿಸಿ, ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ನಿಲ್ಲಿಸಿ ಚಹಾ ತರಿಸಿದ್ದೇನೆ. ಐ ಮಸ್ಟ್ ಕನ್ಫೆಸ್, ಆ ಜಾಗದಿಂದ ಮುಂದೆಯೂ ಕಥೆ ಇದೆ. ಈಗ ಹಲ್ಲೂ ಇಲ್ಲ, ಅತ್ತೆಯೂ ಇಲ್ಲ, ಹೆದರಬೇಕಾದವರು ಯಾರೂ ಇಲ್ಲ. ಹೇಳಿಬಿಡುತ್ತೇನೆ.

ಅರವತ್ತರ ದಶಕ ಮುಗಿಯುತ್ತ ಬಂದ ದಿನಗಳ ಮಾತು. ಇಂಡಿ ಊರಿನಲ್ಲಿ ನಮ್ಮದು ಲಿಂಬೆಯ ತೋಟ, ಮನೆಯೂ ಅದರೊಳಗೇ. ನಮ್ಮವರು, ಅಂದರೆ ನನ್ನ ಯಜಮಾನರು, ಲಿಂಬೆ ದಲ್ಲಾಳಿಯನ್ನು ಕಾಣಲು ಮುಂಬಯಿಗೆ ಹೋದವರು ಅಲ್ಲಿ ಯಾವುದೋ ಕ್ಲಬ್ಬಿನ ಸ್ವಿಮ್ಮಿಂಗ್ ಪೂಲ್ ನೋಡಿ ಬಂದರು. ಬರುವಾಗ ಒಂದು ನೆಗಡಿ ಮತ್ತು ಒಂದು ಐಡಿಯಾ ತಂದರು. ನೆಗಡಿ ವಾರದಲ್ಲಿ ಹೋಯಿತು. ಐಡಿಯಾ ಮಾತ್ರ ಬಾವಿಯ ಪಕ್ಕದಲ್ಲಿ ಇಪ್ಪತ್ತನಾಲ್ಕು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಗಂಡಸರ ಎದೆಮಟ್ಟದ ಆಳವಾಗಿ, ಒಳಗೆ ಆಕಾಶದ ಬಣ್ಣ ಬಳಿದುಕೊಂಡು ನಿಂತಿತು. ಅದರ ಬದಿಗೆ ಒಂದು ಮೋಟಾರು, ನೀರು ಸೋಸುವ ಮರಳಿನ ಒಂದು ದೊಡ್ಡ ಡ್ರಮ್ಮು. ಹೊಟ್ಟೆ ಮುಂದೆ ಮಾಡಿಕೊಂಡು, ಉಪಚಾರ ಸಾಲದೆಂದು ಮುಖ ಊದಿಸಿಕೊಂಡ ಬೀಗರ ಹಾಗೆ ಆ ಡ್ರಮ್ಮು ಕೂತಿತ್ತು. ಇವನ್ನೆಲ್ಲ ಒಂದಕ್ಕೊಂದು ಕೂಡಿಸಲು ಬೂದಿ ಬಣ್ಣದ ಪ್ಲಾಸ್ಟಿಕ್ ಪೈಪುಗಳು. ಪಿವಿಸಿ ಎಂಬ ಮೂರಕ್ಷರವನ್ನು ನಮ್ಮ ಕಡೆಯ ಜನ ಮೊದಲು ಕೇಳಿದ್ದೇ ಆಗ. ಪೈಪು ಅಂದರೆ ಕಬ್ಬಿಣ, ಕಬ್ಬಿಣ ಅಂದರೆ ಪೈಪು ಎಂದು ತಿಳಿದಿದ್ದವರು ದಿನಾ ಬಂದು, ಉಗುರಿನಿಂದ ಅದನ್ನು ಟಣ್ ಎನಿಸಿ ನೋಡಿ, ಅದು ಟಣ್ ಎನ್ನದೆ ಟೊಕ್ ಎಂದದ್ದಕ್ಕೆ ನಕ್ಕು ಹೋಗುತ್ತಿದ್ದರು.

"ಏನ್ರಿ ಸಾವಕಾರ್ರ, ಇದು ಪೈಪೋ, ಹಾವಿನ ಪೊರಿಯೋ?"

"ಮುಂಬೈ ಮಾಲು. ಜಂಗು ಹಿಡಿಯೂದಿಲ್ಲ, ಗೊತ್ತೈತೇನು?" ಎಂದು ನಮ್ಮವರು.

"ಜಂಗು ಹಿಡಿಲಿಕ್ಕೆ ಮೊದಲ ಉಳೀಬೇಕಲ್ರಿ."

ಊರವರು ಅದನ್ನು ಸಾವಕಾರರ ಹೌದ ಎಂದು ಕರೆದರು. ನಮ್ಮ ಕಡೆ ನೀರು ತುಂಬಿಸುವ ಕಟ್ಟೆಗಳೆಲ್ಲ ಹೌದಗಳೇ. ಅತ್ತೆಯವರು ಹೆಸರಿಡುವ ಗೋಜಿಗೂ ಹೋಗಲಿಲ್ಲ. "ಎಮ್ಮಿ ಬೀಳಾಕ ಊರಾಗ ಹೊಂಡ ಕಡಿಮಿ ಇದ್ದುವೇನು?" ಎಂದು ಒಂದೇ ಸಲ ಕೇಳಿ, ಉತ್ತರ ಬರುವ ಮೊದಲೇ ಒಳಗೆ ಹೋದರು.

ಆ ಹೌದದ ಮೇಲೆ ಎಲ್ಲರಿಗಿಂತ ಹೆಚ್ಚು ಕಣ್ಣಿಟ್ಟವಳು ನಾನು. ನಮ್ಮ ತಂದೆ ಸರಕಾರಿ ಡಾಕ್ಟರು. ವರ್ಷಕ್ಕೊಂದು ಊರು ತಿರುಗುವ ಅವರ ಕೆಲಸದಲ್ಲಿ ಮಗಳ ಓದು ಹಾಳಾದೀತೆಂದು ನನ್ನನ್ನು ಪುಣೆಯ ಒಂದು ಕಾನ್ವೆಂಟಿನ ಹಾಸ್ಟೆಲ್ಲಿಗೆ ಸೇರಿಸಿದ್ದರು. ಅಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಭಾಗ ಇಂಡಿಯಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಟೇಬಲ್ಲಿನ ಮೇಲೆ ಫೋರ್ಕು ಯಾವ ಕಡೆ ಇಡಬೇಕು, ಬಿಷಪ್ಪರಿಗೆ ಕೃತಜ್ಞತೆಯ ಪತ್ರ ಹೇಗೆ ಬರೆಯಬೇಕು, ನಾವು ಎಂದೂ ಕಾಣದ ಹೂವುಗಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ. ಆದರೆ ಒಂದನ್ನು ಮಾತ್ರ ಮನಸ್ಸಿಟ್ಟು ಕಲಿತಿದ್ದೆ. ಹಿತ್ತಲಲ್ಲಿ ಒಂದು ಕೊಳವಿತ್ತು. ಮೊಣಕೈವರೆಗೆ ತೋಳು, ಮೊಣಕಾಲ ಕೆಳಗಿನವರೆಗೆ ಲಂಗ ಇರುವ ದಪ್ಪ ನೀಲಿ ಬಟ್ಟೆ ತೊಡಿಸಿ ನಮ್ಮನ್ನು ಅದರಲ್ಲಿ ಇಳಿಸುತ್ತಿದ್ದರು. ದಡದ ಮೇಲೆ ಒಬ್ಬ ಸಿಸ್ಟರ್ ಉದ್ದನೆಯ ಬಿದಿರು ಹಿಡಿದು, "ಚಿನ್ ಅಪ್, ಗರ್ಲ್ಸ್! ಚಿನ್ ಅಪ್!" ಎಂದು ಕೂಗುತ್ತ ಓಡಾಡುತ್ತಿದ್ದರು. ಮುಳುಗುವವರಿಗೆ ಆ ಬಿದಿರು ಆಸರೆ, ಮಾತಾಡುವವರಿಗೆ ಅದೇ ಏಟು. ನಾನು ಆ ಬಟ್ಟೆಯ ಭಾರ ಹೊತ್ತುಕೊಂಡೇ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದೆ. ನೀರಿನಲ್ಲಿ ನನಗೆ ಯಾರ ಮಗಳೆಂಬುದೂ ನೆನಪಿರುತ್ತಿರಲಿಲ್ಲ.

ಆಮೇಲೆ ಮದುವೆ. ಹನ್ನೊಂದು ವರ್ಷ ನಾನು ಕಂಡ ಅತಿ ಆಳವಾದ ನೀರೆಂದರೆ ಬಚ್ಚಲಮನೆಯ ಹಂಡೆ. ಬಾವಿಗೆ ಗಂಡುಮಕ್ಕಳು ಧುಮುಕುವುದನ್ನು ಅಡಿಗೆಮನೆಯ ಕಿಟಕಿಯಿಂದ ಕೇಳುತ್ತಿದ್ದೆ. ನೋಡುವುದೂ ಸರಿಯಲ್ಲ, ಕೇಳಬಹುದಿತ್ತು. ಹೌದದ ಕೆಲಸ ನಡೆದಾಗ ನಮ್ಮವರು ಒಂದು ದಿನ, ಊಟಕ್ಕೆ ಕೂತಲ್ಲಿ, ತಲೆ ಎತ್ತದೆ ಹೇಳಿದರು: "ನಿನ್ನ ಸಲುವಾಗಿನ ಕಟ್ಟಸಾಕತ್ತೇನಿ. ಸುತ್ತ ತಟ್ಟಿ ಕಟ್ಟಿಸಿ ಕೊಡ್ತೇನಿ, ನೀ ಈಜಾಡು." ಆ ಮಾತು ಎಷ್ಟು ನಿಜ, ಎಷ್ಟು ರೊಟ್ಟಿ ಚೆನ್ನಾಗಿ ಬಂದದ್ದರ ಪರಿಣಾಮ ಎಂದು ನಾನು ಅಳೆಯಲು ಹೋಗಲಿಲ್ಲ. ಕೈಯಲ್ಲಿದ್ದ ತುಪ್ಪದ ಮಿಳ್ಳೆಯಿಂದ ಅವರ ತಾಟಿಗೆ ಎರಡು ಸಲ ತುಪ್ಪ ಬಡಿಸಿದೆ.

ಹೌದಕ್ಕೆ ಮೊದಲ ಸಲ ನೀರು ಬಿಟ್ಟ ದಿನವೇ ಸೋರಿತು. ಹೌದದ ತಳದಿಂದ ಹೊರಗೆ ಬರುವ ಪೈಪು ಡ್ರಮ್ಮಿನ ವಾಲ್ವಿಗೆ ಕೂಡುವ ಜಾಗ. ಮೊದಲು ಹನಿ, ಆಮೇಲೆ ಎಳೆ, ಸಂಜೆಗೆ ಧಾರೆ. ವಾಲ್ವಿಗಿಂತ ಮೊದಲೇ ಸೋರುತ್ತಿದ್ದುದರಿಂದ ಅದನ್ನು ಮುಚ್ಚಿಯೂ ಪ್ರಯೋಜನವಿಲ್ಲ. ಸಂಜೆ ತುಂಬಿಸಿದ ಹೌದ ಬೆಳಗಾಗುವಷ್ಟರಲ್ಲಿ ಬರಿದು, ತಳದಲ್ಲಿ ಒಂದಿಷ್ಟು ನೀಲಿ ಕೆಸರು, ಅದರಲ್ಲಿ ಒಂದೆರಡು ಕಪ್ಪೆ. ಈಜುವ ಭಾಗ್ಯ ಬಂದದ್ದು ಅವಕ್ಕೆ.

ಇನ್ನು ಸಲಹೆಗಳ ಮಾತು. ನಮ್ಮ ಜನ ಜ್ವರಕ್ಕೂ ಸೋರಿಕೆಗೂ ಮದ್ದು ಹೇಳದೆ ಮನೆಯಿಂದ ಏಳುವುದಿಲ್ಲ. ನಾಲತವಾಡದಿಂದ ಬಂದ ಸೋದರಮಾವ, ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಅರೆದು ಮೆತ್ತಿದರೆ ಕೋಟೆಯೂ ಸೋರುವುದಿಲ್ಲ ಎಂದರು. ಮೆತ್ತಿದೆವು. ಇರುವೆಗಳು ತಾಲೂಕಿನ ಎಲ್ಲ ಕಡೆಯಿಂದ ಬಂದವು. ನೀರು ಅವುಗಳನ್ನು ತೇಲಿಸಿಕೊಂಡು ಹೊರಟಿತು. ಮುದ್ದೇಬಿಹಾಳದ ಭಾವನವರು ಸೈಕಲ್ಲಿನ ಹಳೆಯ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಕಳಿಸಿದರು. ಸುತ್ತಿದೆವು. ಕಾಲು ಮುರಿದ ಕುರಿಗೆ ಕಟ್ಟು ಹಾಕಿದ ಹಾಗೆ ಕಂಡಿತು, ಅಷ್ಟೇ. ಕೊನೆಗೆ ಸಿಂದಗಿಯಿಂದ ದಸ್ತಗೀರಸಾಬ ಮೇಸ್ತ್ರಿಯನ್ನು ಕರೆಸಿದರು.

ಈ ಮನುಷ್ಯನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಐವತ್ತರ ಆಸುಪಾಸು, ತೆಳ್ಳನೆಯ ಮೈ, ಬಿಳಿ ಗಡ್ಡ, ತೋಳಿನ ನರಗಳೇ ಒಂದು ಪೈಪ್ ಲೈನಿನ ನಕ್ಷೆಯ ಹಾಗೆ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ನಾಲ್ಕೂ ತಾಲೂಕಿನ ದೊಡ್ಡ ಮನೆಗಳ ಬಾವಿಗೆ ಪೈಪು ಇಳಿಸಿದವರು ಅವರೇ, ಅವರಿಗೆ ಮೊದಲು ಅವರ ತಂದೆ. ಅವರಿಗೊಂದು ರಿವಾಜು ಇತ್ತು. ಕೆಲಸ ಮುಗಿದ ಕೂಡಲೇ ನೀರು ತೋರಿಸಬೇಕು. ಮನೆಯ ಹಿರಿಯ ಹೆಂಗಸು ಬಂದು ನಿಲ್ಲಬೇಕು, ಮೋಟಾರು ಹಾಕಬೇಕು, ಸೋರದೆ ಬಂದ ಮೊದಲ ನೀರಿನಲ್ಲಿ ಮೇಸ್ತ್ರಿ ಕೈ ತೊಳೆಯಬೇಕು, ಆಕೆ ಬೆಲ್ಲದ ಚೂರು ಕೊಡಬೇಕು. ಅಲ್ಲಿಯವರೆಗೆ ಆ ಮನೆಯಲ್ಲಿ ಅವರು ಚಹಾ ಕೂಡ ಮುಟ್ಟುತ್ತಿರಲಿಲ್ಲ. ನೀರು ತೋರಿಸದೆ ಎದ್ದ ಮೇಸ್ತ್ರಿ ಎಂದರೆ ಕೆಲಸ ಬಾರದೆ ಓಡಿಹೋದವನು ಎಂದೇ ಲೆಕ್ಕ. ಕಬ್ಬಿಣದ ಕಾಲದಲ್ಲಿ ಇದೆಲ್ಲ ಸರಿಯಾಗಿತ್ತು. ಸಣಬಿನ ನಾರು ಸುತ್ತಿ, ಸಂದು ಮುಚ್ಚುವ ಬಿಳಿ ಸಫೇದಾ ಬಳಿದು, ಪಾನಾ ಹಾಕಿ ತಿರುವಿದರೆ ಕಬ್ಬಿಣ ಅಲ್ಲಿಂದಲ್ಲಿಗೇ ಮಾತು ಕೇಳುತ್ತದೆ.

ಮೊದಲ ಸಲ ಅವರು ಹಾಗೆಯೇ ಮಾಡಿದರು. ಪೈಪಿನ ತುದಿಗೆ ತಿರುಪಿನ ಆಟಿ ಕೊರೆದರು, ನಾರು ಸುತ್ತಿದರು, ಸಫೇದಾ ಬಳಿದರು, ಉಸಿರು ಬಿಗಿಹಿಡಿದು ಪಾನಾ ತಿರುವಿದರು. ಟಕ್ ಎಂದಿತು. ಬಳೆ ಒಡೆದಂಥ ಸಣ್ಣ ಸದ್ದು. ಮೇಸ್ತ್ರಿ ಪಾನಾ ಕೆಳಗಿಟ್ಟು ಪೈಪಿನ ಸೀಳಿನ ಮೇಲೆ ಬೆರಳಾಡಿಸಿದರು.

"ಇಷ್ಟು ಬಿಗಿ ಕೊಟ್ರ ಕಬ್ಬಿಣ ಖುಷಿ ಪಡತೈತ್ರಿ ಸಾವಕಾರ್ರ," ಎಂದರು. "ಇದು ಸಣ್ಣ ಕೂಸಿನಂಗ ಐತಿ. ಇದರ ಸಂಗಾಟ ಹೆಂಗ ಮಾತಾಡಬೇಕು ಅಂತ ನನಗ ಯಾರೂ ಕಲಿಸಿಲ್ರಿ."

ಆಗ ನಮ್ಮವರಿಗೆ ಪೈಪುಗಳ ಜೊತೆ ಬಂದಿದ್ದ ಒಂದು ಡಬ್ಬಿ ಮತ್ತು ಒಂದು ಲೀಫ್ಲೆಟ್ ನೆನಪಾಯಿತು. ಡಬ್ಬಿಯನ್ನು ನಾಲ್ಕು ತಿಂಗಳು ಯಾರೂ ತೆರೆದಿರಲಿಲ್ಲ. ಕಬ್ಬಿಣಕ್ಕೆ ಬಳಿಯುವ ಬಣ್ಣವಿರಬೇಕೆಂದು ಕಪಾಟಿನ ಮೇಲಿಟ್ಟಿದ್ದರು. ಲೀಫ್ಲೆಟ್ ಅನ್ನು ನನ್ನ ಕೈಗೆ ಕೊಟ್ಟು, "ಕಾನ್ವೆಂಟ್ ಕಲ್ತಾಕಿ ಅಲ್ಲ, ಓದು," ಎಂದರು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನ್ನ ಇಂಗ್ಲಿಷಿಗೆ ಆ ಮನೆಯಲ್ಲಿ ಬಂದ ಮೊದಲ ಕೆಲಸ. ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. ಸಾಕೆಟ್ಟು, ಸ್ಪಿಗಟ್ಟು ಎಂಬ ಮಾತುಗಳನ್ನು ಕಾನ್ವೆಂಟಿನಲ್ಲಿ ಯಾರೂ ಕಲಿಸಿರಲಿಲ್ಲ. ಆದರೂ ಗೊತ್ತಿಲ್ಲವೆಂದು ಹೇಳುವ ಪ್ರಸಂಗವೇ ಅಲ್ಲ ಅದು. ಚಿತ್ರ ನೋಡಿ, ಹಿಂದುಮುಂದು ಕೂಡಿಸಿ, ತಿಳಿದುಕೊಂಡು ಹೇಳಿದೆ. ಪೈಪನ್ನು ನೇರವಾಗಿ ಕೊಯ್ಯಬೇಕು, ಮರಳು ಕಾಗದದಿಂದ ತಿಕ್ಕಬೇಕು, ಒಣ ಬಟ್ಟೆಯಲ್ಲಿ ಒರೆಸಬೇಕು, ಡಬ್ಬಿಯ ಅಂಟನ್ನು ಎರಡೂ ಕಡೆ ಬಳಿದು, ತುಸು ತಿರುವಿ ಒಳಗೆ ನೂಕಿ ಹಿಡಿಯಬೇಕು. ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು: ಇಪ್ಪತ್ತನಾಲ್ಕು ತಾಸು ನೀರು ಬಿಡಬಾರದು.

ದಪ್ಪ ಅಕ್ಷರವನ್ನು ನಾನು ದಪ್ಪ ದನಿಯಲ್ಲೇ ಓದಿದೆ. ಎಲ್ಲರೂ ತಲೆಯಾಡಿಸಿದರು. ಮೇಸ್ತ್ರಿ ಕೊಯ್ದರು, ತಿಕ್ಕಿದರು, ಒರೆಸಿದರು, ಬಳಿದರು, ನೂಕಿ ಹಿಡಿದರು. ಎಷ್ಟು ಅಚ್ಚುಕಟ್ಟೆಂದರೆ ನೋಡುತ್ತ ನಿಲ್ಲಬೇಕೆನಿಸುತ್ತಿತ್ತು. ಹತ್ತು ನಿಮಿಷ ಬಿಟ್ಟು ಎದ್ದು, "ಅವ್ವಾರನ್ನ ಕರೀರಿ, ನೀರು ತೋರಸ್ತೇನಿ," ಎಂದರು.

ಅವರಿಗೆ ಎಷ್ಟು ಹೇಳಿದರೂ ಅದು ತಲೆಗೆ ಇಳಿಯಲಿಲ್ಲ ಎನ್ನುವುದಕ್ಕಿಂತ, ಕಾಲಿಗೆ ಇಳಿಯಲಿಲ್ಲ. ನೀರು ತೋರಿಸದೆ ಆ ಜಾಗದಿಂದ ಅವರ ಕಾಲು ಏಳಲಿಲ್ಲ. ಅತ್ತೆಯವರು ಬೆಲ್ಲ ಹಿಡಿದು ಬಂದು ನಿಂತರು, ಮೋಟಾರು ಹಾಕಿದರು, ಸೋರಿತು. ಅತ್ತೆಯವರು ಬೆಲ್ಲವನ್ನು ತಾವೇ ಬಾಯಿಗೆ ಹಾಕಿಕೊಂಡು ಹೋದರು. ಅಂಟು ಹಾಕಿದ ಎರಡನೆಯ ಸಲ ಮೇಸ್ತ್ರಿ ಹಲ್ಲುಕಚ್ಚಿ ತಡೆದುಕೊಂಡರು. ಅಷ್ಟರಲ್ಲಿ ಯಾರೋ ಸಾಹೇಬರು ಬಂದರು. ನಮ್ಮ ಮನೆಗೆ ಸಾಹೇಬರು ಬಂದರೆ ಮೊದಲು ಹೌದ, ಆಮೇಲೆ ಚಹಾ. ನಮ್ಮವರು ಅವರನ್ನು ಕರೆದುಕೊಂಡು ಹೋಗಿ ಗುಂಡಿ ಒತ್ತಿಯೇಬಿಟ್ಟರು. ಸಾಹೇಬರ ಬಿಳಿ ಪ್ಯಾಂಟಿನ ಮೇಲೆ ಮುಂಬಯಿ ಮಾಲಿನ ಕಾರಂಜಿ ಹಾರಿತು. ಮೂರನೆಯ ಸಲ ಅತ್ತೆಯವರೇ, ಗಟ್ಟಿಯಾಗಿದೆಯೋ ಇಲ್ಲವೋ ಎಂದು ಹಿಟ್ಟನ್ನು ಒತ್ತಿ ನೋಡುವ ಹಾಗೆ ಆ ಜಾಗವನ್ನು ಹೆಬ್ಬೆರಳಿನಿಂದ ಅಲ್ಲಾಡಿಸಿ ನೋಡಿದರು. ಹೀಗೆ ಪ್ರತಿ ಸಲ ಮೇಸ್ತ್ರಿ ಸಿಂದಗಿಯಿಂದ ಬಸ್ಸು ಹತ್ತಿ ಬರುವುದು, ತಲೆ ತಗ್ಗಿಸಿ ಹೋಗುವುದು. ಊರಲ್ಲಿ ಹುಡುಗರು ಮೂಗು ಸೋರುವವನನ್ನು ಕಂಡರೆ "ಸಾವಕಾರ್ರ ಪೈಪು ಬಂತು" ಎನ್ನತೊಡಗಿದರು.

ಅದು ನಮ್ಮವರ ಕಿವಿಗೆ ಬಿತ್ತು. ಆವತ್ತು ಮೇಸ್ತ್ರಿಯ ಎದುರಿಗೇ, ನನ್ನ ಎದುರಿಗೇ, ಹೇಳಿಬಿಟ್ಟರು: "ಇದು ಕಡೀ ಸಲ. ಈ ಸಲ ಸೋರಿದ್ರ ಮಣ್ಣು ಹಾಕಿ ಮುಚ್ಚಿಸ್ತೇನಿ. ಮ್ಯಾಲೆ ಎಂಟು ಲಿಂಬಿ ಸಸಿ ಹಚ್ಚತೇನಿ. ನಗು ಸಾಕಾಗೇತಿ ನನಗ."

"ನನ್ನ ಈಜು?" ಎಂದು ಕೇಳಬೇಕೆಂದಿದ್ದೆ. ಅವರಿಗೆ ಆ ಊಟದ ಮಾತು ನೆನಪಿಲ್ಲವೆಂಬುದು ಮುಖದ ಮೇಲೇ ಬರೆದಿತ್ತು, ಅದನ್ನು ಓದಲು ಕಾನ್ವೆಂಟ್ ಬೇಕಿರಲಿಲ್ಲ.

ಆಗ ನಾನು ಕಾರ್ಯಭಾರವನ್ನು ಕೈಗೆ ತೆಗೆದುಕೊಂಡೆ. ಬಸವನ ಬಾಗೇವಾಡಿಯಲ್ಲಿ ನಮ್ಮ ನಾದಿನಿಯ ಮಗಳ ನಿಶ್ಚಯ ಇತ್ತು. ಮನೆಯವರೆಲ್ಲ ಬೆಳಗ್ಗೆ ಹೋಗಿ ಸಂಜೆಗೆ ಬರುವುದೆಂದಾಗಿತ್ತು. ಹಿಂದಿನ ದಿನ ಸಂಜೆ ಐದಕ್ಕೆ ಸರಿಯಾಗಿ ಜೋಡಣೆ ಆಗಬೇಕು, ಮರುದಿನ ಯಾರೂ ಮನೆಯಲ್ಲಿ ಇರಬಾರದು, ಸಂಜೆ ಐದಕ್ಕೆ ನೀರು ತೋರಿಸಬೇಕು: ಇದು ನನ್ನ ಪ್ಲಾನು. ಒಲ್ಲೆ ಎನ್ನುತ್ತಿದ್ದ ಅತ್ತೆಯವರನ್ನು ಒಪ್ಪಿಸಿದೆ. ತೋಟದ ಆಳುಗಳನ್ನೂ ಊಟಕ್ಕೆ ಕರೆದೊಯ್ಯಲು ನಮ್ಮವರಿಗೆ ಹೇಳಿದೆ. ಬೀಗರ ಎದುರಿಗೆ ಮಂದಿ ಹೆಚ್ಚಿದ್ದಷ್ಟೂ ಶೋಭೆ ಎಂದೆ. ಪೈಪಿನ ಕಾವಲಿಗೆ ಒಬ್ಬರು ಬೇಕಲ್ಲ, ನನಗೆ ಹೇಗೂ ತಲೆನೋವು, ನಾನೇ ಉಳಿಯುತ್ತೇನೆ ಎಂದೆ. ಆ ತಲೆನೋವು ನಾನು ಕಾನ್ವೆಂಟಿನಲ್ಲಿ ಪ್ರಾರ್ಥನೆಯ ಹೊತ್ತಿಗೆ ಅಭ್ಯಾಸ ಮಾಡಿಕೊಂಡದ್ದು, ಎಂದೂ ಕೈಕೊಟ್ಟಿರಲಿಲ್ಲ.

ಮೇಸ್ತ್ರಿ ಅಂದು ಕೆಲಸ ಮುಗಿಸಿ ಅಲ್ಲೇ ಕುಕ್ಕುರುಗಾಲಲ್ಲಿ ಕೂತರು. ಏಳಲೊಲ್ಲರು.

"ನೀರು ತೋರಸದ ಹೆಂಗ ಹೋಗ್ಲಿರಿ ಅಕ್ಕಾರ? ನಮ್ಮಪ್ಪ ಇದ್ದಿದ್ರ ಮನ್ಯಾಗ ಕರಕೋತಿದ್ದಿಲ್ಲ ನನ್ನ."

"ನಾಳೆ ಐದಕ್ಕ ತೋರಸ್ರಿ ಮೇಸ್ತ್ರಿ. ಬರೇ ಒಂದು ದಿನ."

"ಒಂದು ದಿನದಾಗ ಯಾರರ ಬಂದು ಕೈ ಹಚ್ಚತಾರ್ರಿ. ಇದು ಕಡೀ ಸಲ. ನಾಲ್ಕು ತಾಲೂಕಿನ್ಯಾಗ ನನ್ನ ಹೆಸರು ಈ ಗೇಣುದ್ದದ ಪೈಪಿನ್ಯಾಗ ಕುಂತೈತಿ."

"ನಾ ಇರ್ತೇನಲ್ಲ. ಒಂದು ನೊಣ ಕೂಡಗೊಡೂದಿಲ್ಲ. ಐ ಪ್ರಾಮಿಸ್."

"ಹಂಗಂದ್ರೇನ್ರಿ?"

"ಮಾತು ಕೊಟ್ಟೇನಿ ಅಂತ."

ಅವರು ಎದ್ದು, ಒಣ ಕೈಯನ್ನೇ ಹೆಗಲ ಮೇಲಿನ ವಸ್ತ್ರಕ್ಕೆ ಒರೆಸಿಕೊಂಡರು. "ನಿಮ್ಮ ಮಾತಿನ ಮ್ಯಾಲೆ ಬಿಟ್ಟು ಹೊಂಟೇನ್ರಿ ಅಕ್ಕಾರ," ಎಂದು ಹೇಳಿ, ಎರಡು ಸಲ ಹಿಂತಿರುಗಿ ನೋಡುತ್ತ ಬಸ್ ಸ್ಟ್ಯಾಂಡಿನ ಕಡೆ ಹೋದರು.

ಕೇಳುವವರಿಗೆ ನಾನು ಚಹಾ ತರಿಸುತ್ತಿದ್ದದ್ದು ಈ ಜಾಗದಲ್ಲಿ. ಚಹಾ ಬಂದ ಮೇಲೆ, "ಅಷ್ಟೆಲ್ಲ ಮಾಡಿದರೂ ಮರುದಿನ ಸೋರಿತು ನೋಡಿ, ಆ ಪೈಪಿನ ಗುಣವೇ ಅದು," ಎಂದು ಮುಗಿಸುತ್ತಿದ್ದೆ.

ಮರುದಿನ ಬೆಳಗ್ಗೆ ಎಂಟಕ್ಕೆ ಎಲ್ಲರೂ ಹೋದರು. ತೋಟದಲ್ಲಿ ನಾನು, ಲಿಂಬೆಗಿಡಗಳು, ಮತ್ತು ಮುಟ್ಟಬಾರದ ಆ ಪೈಪು. ಮದುವೆಯಾಗಿ ಬಂದಂದಿನಿಂದ ಆ ತೋಟದಲ್ಲಿ ಒಬ್ಬ ಮನುಷ್ಯನೂ ಇಲ್ಲದ್ದನ್ನು ನಾನು ಕಂಡಿರಲಿಲ್ಲ. ಒಂಬತ್ತಕ್ಕೆ ಪೈಪಿನ ಎದುರು ಮಣೆ ಹಾಕಿ ಕೂತೆ. ಹತ್ತಕ್ಕೆ ಒಂದು ಯೋಚನೆ ಬಂತು. ಸಂಜೆ ಐದಕ್ಕೆ ನೀರು ಬರುತ್ತದೆ, ನಿಜ. ಆದರೆ ನೀರಿನ ಜೊತೆ ಎಲ್ಲರೂ ಬರುತ್ತಾರೆ. ನಾಳೆಯಿಂದ ಈ ಹೌದ ಸಾಹೇಬರದು, ಬೀಗರದು, ಭಾವನ ಮಕ್ಕಳದು. ತಟ್ಟಿ ಕಟ್ಟಿಸಿ ಕೊಡುತ್ತೇನೆಂದವರಿಗೆ ತಟ್ಟಿಯೂ ನೆನಪಿಲ್ಲ, ನಾನೂ ನೆನಪಿಲ್ಲ. ಯಾರ ಕಣ್ಣೂ ಇಲ್ಲದ ದಿನವೆಂದರೆ ಇದೊಂದೇ. ಹನ್ನೊಂದಕ್ಕೆ ಲೀಫ್ಲೆಟ್ ತಂದು ಮತ್ತೆ ಓದಿದೆ. ಇಪ್ಪತ್ತನಾಲ್ಕು ಎಂದು ಬರೆದವರು ಮುಂಬಯಿಯವರು. ಅಲ್ಲಿ ಗಾಳಿಯಲ್ಲಿ ತೇವ ಹೆಚ್ಚು. ನಮ್ಮ ಇಂಡಿಯ ಬಿಸಿಲಿಗೆ ಹದಿನೆಂಟು ತಾಸು ಧಾರಾಳವಾಗಿ ಸಾಕು. ನೋಡಿ, ವಿದ್ಯೆಯ ಉಪಯೋಗ! ಓದು ಬಾರದ ಅತ್ತೆಯವರು ಬರೀ ಹೆಬ್ಬೆರಳಿನಿಂದ ಕೆಡಿಸಿದ್ದರು, ನಾನು ವಿಜ್ಞಾನದಿಂದ ಕೆಡಿಸಿದೆ.

ಹನ್ನೆರಡಕ್ಕೆ ಬಾವಿಯ ಮೋಟಾರು ಹಾಕಿದೆ. ಸೊಂಟದ ಮಟ್ಟ ನೀರಾಗಲು ಒಂದು ತಾಸಿಗಿಂತ ಹೆಚ್ಚು ಹಿಡಿಯಿತು. ಅಷ್ಟೂ ಹೊತ್ತು ಜೋಡಣೆಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಒಂದು ಹನಿ ಇಲ್ಲ. ಮೇಸ್ತ್ರಿಯ ಕೈ ಎಂಥ ಕೈ! ಹಳೆಯ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಮೆಟ್ಟಿಲು ಇಳಿದೆ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಕಾಲು ನೆಲ ಬಿಟ್ಟಿತು. ಆ ಒಂದು ಕ್ಷಣದ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಅಷ್ಟನ್ನಾದರೂ ನನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ. ಈಜಿದ್ದು ಒಟ್ಟು ನಾಲ್ಕು ಕೈ. ಆ ತುದಿ ಮುಟ್ಟಿ ತಿರುಗುವಷ್ಟರಲ್ಲಿ ಹೊರಗೆ, ಬಾಟಲಿಯ ಬಿರಡೆ ಕಿತ್ತ ಹಾಗೆ, ಫಟ್ ಎಂದಿತು. ನೀರು ನನ್ನ ಮೈಯಿಂದ ಸೀರೆ ಸೆಳೆದ ಹಾಗೆ ಇಳಿಯತೊಡಗಿತು. ಮೆಟ್ಟಿಲು ಹತ್ತಿ ಓಡಿ ಹೋಗಿ ಪೈಪನ್ನು ಕೈಯಿಂದ ಒತ್ತಿ ಹಿಡಿದೆ, ಸೆರಗು ಸುತ್ತಿದೆ, ಕಾನ್ವೆಂಟಿನ ಎಲ್ಲ ಸಂತರನ್ನೂ ಮನೆದೇವರನ್ನೂ ಒಟ್ಟಿಗೆ ಕರೆದೆ. ಯಾರಿಗೂ ಪ್ಲಂಬಿಂಗ್ ಬರುತ್ತಿರಲಿಲ್ಲ.

ಮೇಸ್ತ್ರಿ ಐದಕ್ಕಿಂತ ಹತ್ತು ನಿಮಿಷ ಮೊದಲೇ ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು, ಕಣ್ಣಿಗೆ ಸುರುಮಾ ಹಚ್ಚಿದ್ದರು. ಅದೇ ಹೊತ್ತಿಗೆ ನಮ್ಮವರ ಜೀಪೂ ಬಂತು. ಅತ್ತೆಯವರು ಇಳಿದವರೇ ಬೆಲ್ಲ ತರಲು ಒಳಗೆ ಹೋದರು. ಎಲ್ಲರಿಗಿಂತ ಮುಂದೆ ಹೋದ ಮೇಸ್ತ್ರಿ ಬಾಯಿ ಬಿಟ್ಟುಕೊಂಡಿದ್ದ ಪೈಪನ್ನು ನೋಡಿದರು. ತೋಯ್ದ ನೆಲ ನೋಡಿದರು. ಹೌದದ ಮೆಟ್ಟಿಲ ಮೇಲಿದ್ದ ಕೆಸರಿನ ಹೆಜ್ಜೆ ನೋಡಿದರು. ಆಮೇಲೆ ತಿರುಗಿ ನನ್ನ ಕೂದಲು ನೋಡಿದರು. ಮಧ್ಯಾಹ್ನದಿಂದ ಎಷ್ಟು ಒರೆಸಿದರೂ ಜಡೆಯ ತುದಿ ಇನ್ನೂ ಹಸಿಯಾಗಿತ್ತು. ಅವರ ಚಪ್ಪಲಿ ಮೆಟ್ಟಿಲ ಮೇಲೆ ಅತ್ತಿತ್ತ ಎರಡು ಸಲ ತಿಕ್ಕಿತು. ಹೆಜ್ಜೆಗಳು ಅಳಿಸಿದವು.

"ಏನಾತೋ ದಸ್ತಗೀರ?" ಎಂದು ನಮ್ಮವರು ಹಿಂದಿನಿಂದ ಕೂಗಿದರು.

"ಮನಸ್ಸು ತಡೀಲಾರದ ಮಧ್ಯಾಹ್ನನ ಬಂದು ಬಾವಿ ಮೋಟಾರು ನಾನ ಹಾಕಿ ನೋಡಿದ್ನಿರಿ. ತಡಕೊಳ್ಳಿಲ್ಲ. ನನ್ನ ಕೈ ತಪ್ಪಾತ್ರಿ ಸಾವಕಾರ್ರ."

ನಮ್ಮವರು ಹೇಳಬಾರದ್ದನ್ನೆಲ್ಲ ಹೇಳಿದರು. ಕಬ್ಬಿಣ ಬಡಿಯುವ ಕೈಗೆ ಈ ಕೆಲಸ ಕೊಟ್ಟದ್ದೇ ತಮ್ಮ ತಪ್ಪೆಂದರು. ಬಾಗೇವಾಡಿಯಿಂದ ಜೊತೆಗೆ ಬಂದಿದ್ದ ಇಬ್ಬರು ಬೀಗರು ಎಲ್ಲವನ್ನೂ ಕೇಳಿಸಿಕೊಂಡರು; ಅಂದರೆ ನಾಲ್ಕು ತಾಲೂಕೂ ಕೇಳಿಸಿಕೊಂಡಿತು. ಅತ್ತೆಯವರು ಬೆಲ್ಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನಗೆ ಆಗ ಕನ್ನಡ, ಮರಾಠಿ, ಇಂಗ್ಲಿಷ್ ಎಂದು ಮೂರು ಭಾಷೆ ಬರುತ್ತಿದ್ದವು. ಮೂರರಲ್ಲಿ ಒಂದರಲ್ಲೂ ಬಾಯಿ ತೆರೆಯಲಿಲ್ಲ. ತಲೆನೋವೆಂದು ಒಳಗೆ ಹೋಗಿ ಮಲಗಿದೆ. ಈ ಸಲ ಅದು ನಿಜವಾಗಿಯೂ ಬಂದಿತ್ತು.

ವಾರದಲ್ಲಿ ಹೌದ ಮುಚ್ಚಿಸಿದರು. ಎಂಟು ಸಸಿ ಹಚ್ಚಿದರು. ಅವು ಬಹಳ ಚೆನ್ನಾಗಿ ಬಂದವು, ಅದನ್ನು ಹೇಳಲೇಬೇಕು. ದೊಡ್ಡ ಮನೆಗಳವರು ಪೈಪಿನ ಕೆಲಸಕ್ಕೆ ಸೊಲ್ಲಾಪುರದಿಂದ ಬೇರೆಯವರನ್ನು ಕರೆಸತೊಡಗಿದರು. ದಸ್ತಗೀರಸಾಬರು ಸಿಂದಗಿಯಲ್ಲೇ ಕೊಡಗಳ ತೂತು ಮುಚ್ಚಿಕೊಂಡು ಇದ್ದಾರೆಂದು ಯಾರೋ ಹೇಳಿದರು. ಕ್ಷಮೆ ಕೇಳಿ ಒಂದು ಪತ್ರ ಬರೆಯಬೇಕೆಂದು ಎಷ್ಟೋ ಸಲ ಕೂತೆ. ಬಿಷಪ್ಪರಿಗೆ ಬರೆಯುವುದು ಗೊತ್ತಿತ್ತು, ಮೇಸ್ತ್ರಿಗೆ ಬರೆಯುವುದು ಗೊತ್ತಿರಲಿಲ್ಲ.

ಐದಾರು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಇಂಡಿಯ ಬಸ್ಸಿಗೆ ಕಾಯುತ್ತಿದ್ದೆ. "ಆರಾಮ ಅದೀರೇನ್ರಿ ಅಕ್ಕಾರ?" ಎಂಬ ದನಿ ಕೇಳಿ ತಿರುಗಿದರೆ ಅವರು. ಗಡ್ಡ ಇನ್ನಷ್ಟು ಬಿಳಿ, ಕೈಯಲ್ಲಿ ಬೆಸುಗೆ ಹಾಕಿದ ಒಂದು ಕೊಡ. ಮನೆಯವರ ಕ್ಷೇಮ ಕೇಳಿದರು, ಅತ್ತೆಯವರ ಕಾಲುನೋವು ಕೇಳಿದರು, ಲಿಂಬೆಯ ಧಾರಣೆ ಕೇಳಿದರು. ಆಮೇಲೆ ಆಚೀಚೆ ನೋಡಿ, ದನಿ ತಗ್ಗಿಸಿ, ಮಗಳನ್ನು ಕೇಳುವ ಹಾಗೆ ಕೇಳಿದರು:

"ಅವತ್ತು ಈಜು ಆತಿಲ್ರಿ ಅಕ್ಕಾರ? ಒಂದೀಟರ?"

ಎಷ್ಟು ವರ್ಷದಿಂದ ಹೇಳಬೇಕೆಂದಿದ್ದ ಮಾತಿಗೆ ಅವರೇ ಬಾಗಿಲು ತೆರೆದು ನಿಂತಿದ್ದರು. ಆತು ಮೇಸ್ತ್ರಿ, ನಾಲ್ಕು ಕೈ ಆತು ಎಂದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಪಕ್ಕದ ಬೆಂಚಿನ ಮೇಲಿದ್ದ, ನಮ್ಮ ಊರಿನ ಗುರುತಿನ ಹೆಂಗಸೊಬ್ಬಳು ನಮ್ಮ ಕಡೆ ತಿರುಗಿದಳು. ನಾನು ಸೆರಗು ಸರಿಮಾಡಿಕೊಂಡು, ಬೆನ್ನು ನೇರ ಮಾಡಿ ಹೇಳಿದೆ:

"ಯಾವ ಈಜು ಮೇಸ್ತ್ರಿ? ನಾ ಅವತ್ತು ತಲಿನೋವು ಅಂತ ಮಲಗಿದ್ನಲ್ಲ."

ಅವರು ನನ್ನ ಮುಖವನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಕೊಡದ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಹಂಗಾರ ನನ್ನ ಕೈನ ತಪ್ಪಿರಬೇಕು ಬಿಡ್ರಿ," ಎಂದರು. "ನಾ ಇಷ್ಟು ದಿನ ಹಂಗಲ್ಲ ಅನ್ಕೊಂಡಿದ್ನಿ."

ಬಸ್ಸು ಬಂತು. ಗದ್ದಲದಲ್ಲಿ ನನ್ನ ಚೀಲವನ್ನು ಅವರೇ ಎತ್ತಿ, ಕಿಟಕಿಯಿಂದ ಒಳಗೆ ಕೊಟ್ಟರು. "ಥ್ಯಾಂಕ್ ಯು" ಎಂದೆ. ಉಚ್ಚಾರಕ್ಕೆ ಯಾರೂ ಒಂದು ಮಾತು ಅನ್ನುವಂತಿರಲಿಲ್ಲ.